ಮತ್ತೊಮ್ಮೆ ಆಪರೇಷನ್ ಟೇಬಲ್ ಏರುವ ಮುನ್ನ

‘ತೂಕ ಇಳಿಸೋ ಆಪರೇಷನ್ ಮಾಡಿಸ್ಕೊಂಡಿದ್ದೆ ಅಲ್ವಾ? ಮತ್ಯಾಕೆ ಹಿಂಗಾದೆ?’ ಕಳೆದ ಎರಡು ವರ್ಷಗಳಲ್ಲಿ ಈ ಪ್ರಶ್ನೆಯನ್ನು ನನಗೆ ಕೇಳದವರೇ ಕಡಿಮೆ. ಮದುವೆ ಮನೆಯಲ್ಲಿ ಎಲೆ ಮುಂದೆ ಕೂತಾಗ ಕೇಳಿದ್ದಾರೆ. ಬಸ್ಸಿನಲ್ಲಿ ಸಿಕ್ಕ ಹಳೆಯ ಲೆಕ್ಚರರ್ ಕೇಳಿದ್ದಾರೆ. ದಾವಣಗೆರೆಯಲ್ಲಿ ನಮ್ಮ ಓಣಿಯ ಕಿರಾಣಿ ಅಂಗಡಿಯ ಅಂಕಲ್ ಸಕ್ಕರೆ ತೂಗುತ್ತಲೇ ಕೇಳಿದ್ದಾರೆ. ಕೇಳಿದವರೇ ಉತ್ತರವನ್ನೂ ಕೊಟ್ಟುಬಿಡುತ್ತಾರೆ: ‘ಬಾಯಿ ಕಟ್ಟಿರಲ್ಲ ಬಿಡು.’

ಈ ಉತ್ತರ ನನಗೆ ಬರೀ ಮಾನ ಅವಮಾನದ ವಿಷಯವಲ್ಲ. ಎರಡನೇ ಸಲ ಹೊಟ್ಟೆ ಕೊಯ್ಯಿಸಿಕೊಳ್ಳಬೇಕೇ, ಬೇಡವೇ, ಕೊಯ್ಯಿಸಿಕೊಂಡರೆ ಯಾವ ಆಪರೇಷನ್ ಎನ್ನುವುದೆಲ್ಲ ಆ ‘ಯಾಕೆ’ಯ ಮೇಲೇ ನಿಂತಿದೆ. ಅದಕ್ಕೇ ಕಳೆದ ಎಂಟು ತಿಂಗಳು ನಾನು ಓಡಾಡಿದ್ದು ಆಪರೇಷನ್ನಿಗಾಗಿ ಅನ್ನುವುದಕ್ಕಿಂತ ಆ ಒಂದು ಪ್ರಶ್ನೆಗೆ ಸರಿಯಾದ ಉತ್ತರ ಹುಡುಕಿಕೊಂಡು.

ಮೊದಲು ಲೆಕ್ಕ ಒಪ್ಪಿಸಿಬಿಡುತ್ತೇನೆ. 2019ರಲ್ಲಿ ಬಿ.ಕಾಂ. ಮುಗಿಸಿದಾಗ ನನಗೆ 21 ವರ್ಷ. ಎತ್ತರ 160 ಸೆಂ.ಮೀ., ತೂಕ 118 ಕೆ.ಜಿ. ಬಿಎಂಐ 46. ತೂಕವನ್ನು, ಮೀಟರಿನಲ್ಲಿ ಅಳೆದ ಎತ್ತರದ ವರ್ಗದಿಂದ ಭಾಗಿಸಿದರೆ ಬರುವ ಸಂಖ್ಯೆ ಇದು. ನಮ್ಮ ದೇಶದವರಿಗೆ 23 ದಾಟಿದರೆ ಹೆಚ್ಚು ತೂಕ, 25 ದಾಟಿದರೆ ಬೊಜ್ಜು ಎಂದು ಇಲ್ಲಿನ ವೈದ್ಯರು ಲೆಕ್ಕ ಹಿಡಿಯುತ್ತಾರೆ. ಜಿಮ್ಮು, ಜೀರಿಗೆ ನೀರು, ಸಂಜೆ ಆರರ ಮೇಲೆ ಉಪವಾಸ ಎಲ್ಲವೂ ಆಗಿತ್ತು. ಹತ್ತು ಕೆ.ಜಿ. ಇಳಿಯುವುದು, ಹನ್ನೆರಡು ಏರುವುದು. ಕೊನೆಗೆ ಅಪ್ಪ ಚೀಟಿ ಎತ್ತಿ, ಅಮ್ಮ ಎರಡು ಬಳೆ ಅಡವಿಟ್ಟು, ಬೆಂಗಳೂರಿನ ಆಸ್ಪತ್ರೆಯೊಂದರಲ್ಲಿ ಸ್ಲೀವ್ ಗ್ಯಾಸ್ಟ್ರೆಕ್ಟಮಿ ಮಾಡಿಸಿದರು.

ಸ್ಲೀವ್ ಎಂದರೆ ಜಠರದ ಮುಕ್ಕಾಲು ಭಾಗಕ್ಕೂ ಹೆಚ್ಚನ್ನು ಸ್ಟೇಪ್ಲರ್ ಹಾಕಿ ಕತ್ತರಿಸಿ ತೆಗೆದು, ಬಾಳೆಹಣ್ಣಿನ ಆಕಾರದ ಒಂದು ಕೊಳವೆಯನ್ನಷ್ಟೇ ಉಳಿಸುವುದು. ಹಿಡಿಸುವುದು ಕಡಿಮೆ ಎನ್ನುವುದು ಒಂದು ಲಾಭ. ಇನ್ನೊಂದು ಲಾಭ ಹೆಚ್ಚಿನವರಿಗೆ ಗೊತ್ತಿಲ್ಲ. ಹಸಿವಿನ ಸೂಚನೆ ಕೊಡುವ ಗ್ರೆಲಿನ್ ಎಂಬ ಹಾರ್ಮೋನು ಮುಖ್ಯವಾಗಿ ತಯಾರಾಗುವುದು ಕತ್ತರಿಸಿ ತೆಗೆಯುವ ಆ ಭಾಗದಲ್ಲೇ. ಹಾಗಾಗಿ ಆಪರೇಷನ್ ಆದ ಮೊದಲ ಕೆಲವು ತಿಂಗಳು ನನಗೆ ಹಸಿವು ಅಂದರೇನು ಎನ್ನುವುದೇ ಮರೆತುಹೋದಂತಿತ್ತು. ಅರ್ಧ ಇಡ್ಲಿಗೆ ಹೊಟ್ಟೆ ತುಂಬುತ್ತಿತ್ತು. ಹದಿನಾಲ್ಕು ತಿಂಗಳಲ್ಲಿ 72 ಕೆ.ಜಿ.ಗೆ ಇಳಿದೆ. ಮಂಡಿನೋವು ಹೋಯಿತು, ಮುಟ್ಟು ಸರಿಯಾಯಿತು, ಮೊದಲ ಬಾರಿಗೆ ರೆಡಿಮೇಡ್ ಚೂಡಿದಾರ್ ಹಾಕಿದೆ. ಆಸ್ಪತ್ರೆಯವರು ನನ್ನ ಅನುಮತಿ ಪಡೆದು ‘ಮೊದಲು–ನಂತರ’ ಫೋಟೊ ಪೋಸ್ಟರ್ ಮಾಡಿದರು. ಅದು ಈಗಲೂ ಅವರ ಗೋಡೆ ಮೇಲಿದೆ. ಎಷ್ಟು ತಿಂಗಳ ನಂತರದ ಫೋಟೊ ಎಂದು ಅದರ ಕೆಳಗೆ ಎಲ್ಲೂ ಬರೆದಿಲ್ಲ. ಇಂಥ ಪೋಸ್ಟರುಗಳನ್ನು ನೋಡಿದಾಗಲೆಲ್ಲ ನಾನೀಗ ಮೊದಲು ಹುಡುಕುವುದು ತಾರೀಕನ್ನೇ.

ಮೂರನೇ ವರ್ಷದ ಹೊತ್ತಿಗೆ ಎದೆಯುರಿ ಶುರುವಾಯಿತು. ಆಗ ನಾನು ಎಂ.ಕಾಂ. ಮುಗಿಸಿ ಒಬ್ಬ ಆಡಿಟರ್ ಆಫೀಸಿನಲ್ಲಿ ಕೆಲಸಕ್ಕಿದ್ದೆ. ಮೊದಮೊದಲು ರಾತ್ರಿ ಊಟ ತಡವಾದ ದಿನ ಮಾತ್ರ ಬರುತ್ತಿತ್ತು. ಆಮೇಲೆ ದಿನವೂ. ಮಲಗಿದರೆ ಹುಳಿನೀರು ಗಂಟಲಿಗೆ ಬಂದು, ಕೆಮ್ಮಿ ಕೆಮ್ಮಿ ಎದ್ದು ಕೂರಬೇಕು. ಎರಡು ದಿಂಬು ಮೂರಾದವು. ಡಾಕ್ಟರ್ ಬರೆದುಕೊಟ್ಟ ಆಸಿಡ್ ಮಾತ್ರೆ ದಿನಕ್ಕೆ ಒಂದಿದ್ದದ್ದು ಎರಡಾಯಿತು.

ಎದೆಯುರಿ ಇದ್ದವರಿಗೆ ಗೊತ್ತು, ಹೊಟ್ಟೆ ಖಾಲಿ ಇದ್ದರೆ ಉರಿ ಇನ್ನೂ ಜಾಸ್ತಿ. ಒಂದಿಷ್ಟು ಹಾಲು, ಎರಡು ಬನ್ ತುಂಡು ಹೋದರೆ ಅರ್ಧ ಗಂಟೆ ಸಮಾಧಾನ. ಸ್ಲೀವ್ ಆದ ಜಠರದಲ್ಲಿ ಗಟ್ಟಿ ಪದಾರ್ಥ ನಿಧಾನಕ್ಕೆ ಇಳಿಯುತ್ತದೆ. ಕಾಳು, ಮೊಟ್ಟೆ, ರೊಟ್ಟಿ ತಿಂದರೆ ಎದೆ ಕಟ್ಟಿದ ಹಾಗಾಗುತ್ತದೆ. ಮೆತ್ತಗಿನದು, ಹಾಲಿನಲ್ಲಿ ನೆನೆದದ್ದು, ಸಿಹಿಯಾದದ್ದು ಸಲೀಸಾಗಿ ಜಾರುತ್ತದೆ, ಕ್ಯಾಲರಿಯೂ ಅದರಲ್ಲೇ ಜಾಸ್ತಿ. ತಟ್ಟೆಯಲ್ಲಿ ನೋಡಿದರೆ ನಾನು ತಿನ್ನುತ್ತಿದ್ದುದು ಈಗಲೂ ನನ್ನ ತಂಗಿಯ ಅರ್ಧ. ತೂಕ ಮಾತ್ರ 72ರಿಂದ 78, 84, ಈಗ 91. ಬಿಎಂಐ 35.5.

ಈ ವರ್ಷದ ಆರಂಭದಲ್ಲಿ ನಾನು ಮೊದಲು ತೋರಿಸಿದ ಸರ್ಜನ್ ಹತ್ತು ನಿಮಿಷದಲ್ಲಿ ತೀರ್ಮಾನ ಹೇಳಿದರು: ‘ಸ್ಲೀವ್ ಹಿಗ್ಗಿರುತ್ತೆ. ಮಿನಿ ಬೈಪಾಸ್ ಮಾಡಿಬಿಡೋಣ. ಮುಂದಿನ ವಾರ ಬಂದ್ರೆ ಪ್ಯಾಕೇಜಿನಲ್ಲಿ ಡಿಸ್ಕೌಂಟ್ ಇದೆ.’ ಮಿಕ್ಸಿ ಗ್ರೈಂಡರಿಗೆ ಎಕ್ಸ್‌ಚೇಂಜ್ ಆಫರ್ ಕೇಳಿದಂತಾಯಿತು ನನಗೆ. ಅಪ್ಪ ಅಲ್ಲೇ ಒಪ್ಪುವವರಿದ್ದರು. ನಾನು ‘ಯೋಚ್ನೆ ಮಾಡಿ ಹೇಳ್ತೀವಿ ಸಾರ್’ ಎಂದು ಎದ್ದೆ.

ಎರಡನೆಯವರು ನನ್ನ ಹೊಟ್ಟೆ ಮುಟ್ಟುವ ಮೊದಲು ಕೇಳಿದ್ದು ಹಳೆಯ ಕಾಗದ. ನನ್ನ ಬಳಿ ಇದ್ದದ್ದು ಎರಡು ಪುಟದ ಡಿಸ್ಚಾರ್ಜ್ ಸಮ್ಮರಿ. ‘ಇದು ಸಾಲದಮ್ಮ, ಆಪರೇಷನ್ ನೋಟ್ಸ್ ಬೇಕು. ಎಷ್ಟು ಅಗಲದ ಕೊಳವೆ ಇಟ್ಕೊಂಡು ಕತ್ತರಿಸಿದಾರೆ, ಎಲ್ಲಿಂದ ಸ್ಟೇಪಲ್ ಶುರು ಮಾಡಿದಾರೆ, ಆವಾಗ ಹರ್ನಿಯಾ ಇತ್ತಾ, ಹೊಲಿದಿದಾರಾ, ಇದೆಲ್ಲ ಅದರಲ್ಲಿರುತ್ತೆ’ ಅಂದರು. ಕೈಯಲ್ಲಿ ನಕ್ಷೆ ಇಲ್ಲದೆ ಬೇರೆಯವರು ಕಟ್ಟಿದ ಮನೆಯ ಗೋಡೆ ಒಡೆಯಲು ಯಾವ ಮೇಸ್ತ್ರಿಯೂ ಒಪ್ಪುವುದಿಲ್ಲವಲ್ಲ.

ಇಲ್ಲಿ ಓದುಗ ಗೆಳೆಯರಿಗೆ ಉಪಯೋಗಕ್ಕೆ ಬರುವ ಒಂದು ವಿಷಯ ಇದೆ. ಭಾರತೀಯ ವೈದ್ಯಕೀಯ ಮಂಡಳಿಯ 2002ರ ನಿಯಮಗಳ ಪ್ರಕಾರ ಒಳರೋಗಿಯ ದಾಖಲೆಗಳನ್ನು ಚಿಕಿತ್ಸೆ ಆರಂಭವಾದ ದಿನದಿಂದ 3 ವರ್ಷ ಇಟ್ಟುಕೊಂಡಿರಬೇಕು. ರೋಗಿ ಕೇಳಿದರೆ 72 ಗಂಟೆಯೊಳಗೆ ಕೊಡಬೇಕು. ನನ್ನದು ಆರು ವರ್ಷ ಹಳೆಯದು. ಹಳೆಯ ಆಸ್ಪತ್ರೆಗೆ ಫೋನ್ ಮಾಡಿದರೆ ರಿಸೆಪ್ಷನ್‌ನವರು ‘ಅಷ್ಟು ಹಳೇದೆಲ್ಲ ಸಿಗಲ್ಲ ಮೇಡಂ’ ಎಂದು ಇಟ್ಟುಬಿಟ್ಟರು. ಇಮೇಲ್ ಕಳಿಸಿದೆ, ಉತ್ತರ ಇಲ್ಲ. ನಾನೇ ರಾತ್ರಿ ಬಸ್ಸು ಹತ್ತಿ ಹೋಗಿ, ಐಡಿ ಜೆರಾಕ್ಸ್ ಜೊತೆ ಕೈಬರಹದ ಅರ್ಜಿ ಕೊಟ್ಟು, ಸ್ವೀಕೃತಿಗೆ ಸೀಲು ಹಾಕಿಸಿಕೊಂಡೆ. ಕಾಯುವ ಬೆಂಚಿನ ಎದುರಿಗೇ ನನ್ನ ಪೋಸ್ಟರ್. ಮೆಡಿಕಲ್ ರೆಕಾರ್ಡ್ಸ್ ವಿಭಾಗದ ಹಿರಿಯರೊಬ್ಬರು ಪೋಸ್ಟರನ್ನೂ ನನ್ನನ್ನೂ ಎರಡು ಸಲ ನೋಡಿದರು, ಏನೂ ಕೇಳಲಿಲ್ಲ. ನೆಲಮಹಡಿಗೆ ಹೋಗಿ ಸಂಜೆ ನಾಲ್ಕಕ್ಕೆ ಧೂಳು ಹಿಡಿದ ಫೈಲ್ ತಂದರು. ಅವರ ಹೆಸರು ಗೊತ್ತಿಲ್ಲ, ಋಣ ಮಾತ್ರ ಇದೆ. ನೀವು ಯಾವುದೇ ಆಪರೇಷನ್ ಮಾಡಿಸಿಕೊಂಡಿರಿ, ಆ ನೋಟ್ಸಿನ ಒಂದು ಪ್ರತಿ ಈಗಲೇ ಕೇಳಿ ಇಟ್ಟುಕೊಳ್ಳಿ. ಮಾರ್ಕ್ಸ್‌ಕಾರ್ಡ್ ಫೈಲಿನಲ್ಲೇ ಇರಲಿ.

ಆಮೇಲೆ ಪರೀಕ್ಷೆಗಳು. ಎಂಡೋಸ್ಕೋಪಿಯಲ್ಲಿ ಅನ್ನನಾಳದ ಕೆಳಭಾಗ ಆಸಿಡ್ಡಿನಿಂದ ಸುಟ್ಟು ಹುಣ್ಣಾಗಿರುವುದು ಕಂಡಿತು. ಇದಕ್ಕೆ ‘ಎ’ಯಿಂದ ‘ಡಿ’ವರೆಗೆ ನಾಲ್ಕು ದರ್ಜೆ. ನನ್ನದು ‘ಸಿ’. ವರ್ಷಗಟ್ಟಲೆ ಹೀಗೇ ಬಿಟ್ಟರೆ ಕೆಲವರಲ್ಲಿ ಅನ್ನನಾಳದ ಒಳಪದರವೇ ಬದಲಾಗಿ ಕ್ಯಾನ್ಸರಿನ ಅಪಾಯ ಹೆಚ್ಚುತ್ತದೆ. ಅದಕ್ಕೆ ಬಯಾಪ್ಸಿ ತೆಗೆದರು. ವರದಿ ಬರುವ ಐದು ದಿನ ಮನೆಯಲ್ಲಿ ಯಾರೂ ಟಿವಿ ಹಾಕಲಿಲ್ಲ. ಅಂಥದ್ದೇನೂ ಇಲ್ಲ ಎಂದು ಬಂತು. ಸ್ಲೀವ್ ಆದವರಿಗೆ ತೊಂದರೆ ಇರಲಿ ಇಲ್ಲದಿರಲಿ, ಒಂದು ವರ್ಷಕ್ಕೆ ಒಮ್ಮೆ, ಆಮೇಲೆ ಎರಡು ಮೂರು ವರ್ಷಕ್ಕೊಮ್ಮೆ ಎಂಡೋಸ್ಕೋಪಿ ಮಾಡಿ ನೋಡಬೇಕು ಎಂಬ ಸಲಹೆಯನ್ನು ಬೊಜ್ಜು ಶಸ್ತ್ರವೈದ್ಯರ ಅಂತರರಾಷ್ಟ್ರೀಯ ಸಂಘಟನೆಯೇ ಕೊಟ್ಟಿದೆ. 2019ರಲ್ಲಿ ನನಗೆ ಕೊಟ್ಟ ಡಯಟ್ ಚಾರ್ಟಿನಲ್ಲಾಗಲಿ, ಫಾಲೋಅಪ್ ಚೀಟಿಯಲ್ಲಾಗಲಿ ಈ ಮಾತು ಇರಲಿಲ್ಲ.

ಬಿಳಿ ಸುಣ್ಣದ ನೀರಿನಂಥ ಬೇರಿಯಂ ಕುಡಿಸಿ ಎಕ್ಸ್‌ರೇ ತೆಗೆದಾಗ ಉಳಿದದ್ದು ಗೊತ್ತಾಯಿತು. ಕುಡಿದದ್ದು ಕೆಳಗಿಳಿದು ಮತ್ತೆ ಮೇಲಕ್ಕೆ ಚಿಮ್ಮುತ್ತಿತ್ತು. ಎದೆಗೂ ಹೊಟ್ಟೆಗೂ ನಡುವಿನ ವಪೆಯ ಕಂಡಿಯಿಂದ ಜಠರದ ಮೇಲ್ತುದಿ ಎದೆಯೊಳಕ್ಕೆ ಜಾರಿತ್ತು. ಇದೇ ಹಯಾಟಸ್ ಹರ್ನಿಯಾ. ಹಳೆಯ ಫೈಲಿನಲ್ಲಿ ಇದು ಇರಲಿಲ್ಲ, ಅಂದರೆ ಆಮೇಲೆ ಆಗಿದ್ದು. ಸಿ.ಟಿ. ಸ್ಕ್ಯಾನಿನಲ್ಲಿ ಅಳೆದು ನೋಡಿದರೆ ಕೊಳವೆ ಹಿಗ್ಗಿರಲಿಲ್ಲ. ಮೊದಲ ಡಾಕ್ಟರ್ ಹತ್ತು ನಿಮಿಷದಲ್ಲಿ ಹೇಳಿದ್ದ ಕಾರಣ ಅಲ್ಲಿಗೆ ಬಿದ್ದುಹೋಯಿತು. ‘ಬಾಯಿ ಕಟ್ಟಿಲ್ಲ’ ಎನ್ನುವುದರ ಕಥೆಯೂ ಅಷ್ಟೆ. ತಿಂದು ತಿಂದು ಹಿಗ್ಗಿಸಿಕೊಂಡ ಹೊಟ್ಟೆ ಅಲ್ಲವಲ್ಲ ಅದು.

‘ಹಾಗಾದ್ರೆ ತೂಕ ಯಾಕೆ ಬಂತು ಸಾರ್?’ ಎಂದು ಅಪ್ಪನೇ ಕೇಳಿದರು. ಡಾಕ್ಟರ್ ಒಂದು ಕಾಗದದ ಹಿಂಬದಿ ತಿರುಗಿಸಿ ಗೀಟು ಎಳೆಯುತ್ತಾ ವಿವರಿಸಿದರು. ತೂಕ ಇಳಿದಾಗ ದೇಹ ಅದನ್ನು ಬರಗಾಲ ಎಂದು ತಿಳಿದು ಸುಮ್ಮನೆ ಕೂತಾಗ ಖರ್ಚು ಮಾಡುವ ಶಕ್ತಿಯನ್ನೇ ಕಡಿಮೆ ಮಾಡುತ್ತದೆ, ಹಸಿವಿನ ಸೂಚನೆಗಳನ್ನು ಏರಿಸುತ್ತದೆ. ಆಪರೇಷನ್ ಅದನ್ನು ತಡೆಯುತ್ತದೆ, ಆದರೆ ಎಲ್ಲರಲ್ಲೂ ಒಂದೇ ಪ್ರಮಾಣದಲ್ಲಿ, ಎಷ್ಟು ವರ್ಷ ಎಂದು ಗ್ಯಾರಂಟಿ ಕೊಟ್ಟು ತಡೆಯುವುದಿಲ್ಲ. ನನ್ನಲ್ಲಿ ಅದರ ಮೇಲೆ ಎದೆಯುರಿಗಾಗಿ ತಿನ್ನಬೇಕಾಗಿ ಬಂದ ತುತ್ತುಗಳು ಸೇರಿವೆ. ಅವರು ಹೇಳಿದ ಇನ್ನೊಂದು ವಿಷಯ ಅಪ್ಪನ ಮುಖವನ್ನೇ ಬದಲಾಯಿಸಿತು. ಈ ಸ್ಲೀವ್ ಎನ್ನುವುದು ಹುಟ್ಟಿದ್ದೇ ಎರಡು ಹಂತದ ಚಿಕಿತ್ಸೆಯ ಮೊದಲ ಹಂತವಾಗಿ. 2000ದ ಆಸುಪಾಸಿನಲ್ಲಿ, ತೀರಾ ಹೆಚ್ಚು ತೂಕದವರಿಗೆ ದೊಡ್ಡ ಆಪರೇಷನ್ ಒಂದೇ ಸಲಕ್ಕೆ ಅಪಾಯ ಎಂದು ಮೊದಲು ಜಠರವನ್ನಷ್ಟೇ ಕಿರಿದು ಮಾಡಿ, ತೂಕ ಇಳಿದ ಮೇಲೆ ಕರುಳಿನ ಕೆಲಸ ಮಾಡುತ್ತಿದ್ದರಂತೆ. ಹಲವರಿಗೆ ಮೊದಲ ಹಂತದಲ್ಲೇ ಸಾಕಷ್ಟು ಇಳಿದದ್ದರಿಂದ ಅದೇ ಒಂದು ಸ್ವತಂತ್ರ ಆಪರೇಷನ್ ಆಯಿತು. ‘ಅಂದ್ರೆ ನಾವು ಕಟ್ಟಿದ ದುಡ್ಡು ದಂಡ ಆಗಿಲ್ಲ’ ಎಂದರು ಅಪ್ಪ. ಆರು ವರ್ಷದಿಂದ ಅವರ ಮನಸ್ಸಿನಲ್ಲಿದ್ದದ್ದು ಅದು ಎಂದು ನನಗೆ ಆಗ ಗೊತ್ತಾಯಿತು.

ಕಾರಣ ಸಿಕ್ಕ ಮೇಲೆ ದಾರಿಗಳು ತಾವಾಗಿಯೇ ಕಡಿಮೆಯಾದವು. ಕೊಳವೆ ಹಿಗ್ಗಿಲ್ಲ, ಹಾಗಾಗಿ ಅದನ್ನೇ ಮತ್ತೆ ಕತ್ತರಿಸಿ ಪ್ರಯೋಜನವಿಲ್ಲ. ಮಿನಿ ಬೈಪಾಸಿನಲ್ಲಿ ಕರುಳನ್ನು ಒಂದೇ ಕಡೆ ಜೋಡಿಸುವುದರಿಂದ ಪಿತ್ತರಸ ಮೇಲಕ್ಕೆ ಬರುವ ಸಾಧ್ಯತೆ ಇರುತ್ತದೆ. ಈಗಾಗಲೇ ಅನ್ನನಾಳ ಸುಟ್ಟಿರುವವಳಿಗೆ ಅದು ಬೇಡ. ಉಳಿದದ್ದು ರೂ-ಎನ್-ವೈ ಗ್ಯಾಸ್ಟ್ರಿಕ್ ಬೈಪಾಸ್. ಮೇಲ್ತುದಿಯಲ್ಲಿ ಒಂದು ಪುಟ್ಟ ಚೀಲ ಮಾತ್ರ ಉಳಿಸಿ, ಸಣ್ಣಕರುಳನ್ನು ಕತ್ತರಿಸಿ ಅದರ ಕೆಳತುದಿಯನ್ನು ಮೇಲೆತ್ತಿ ಚೀಲಕ್ಕೆ ಜೋಡಿಸುತ್ತಾರೆ. ಜಠರದ ಉಳಿದ ಭಾಗದ ಆಸಿಡ್ಡೂ ಪಿತ್ತವೂ ಇನ್ನೊಂದು ಕವಲಿನಲ್ಲಿ ಇಳಿದು ಕೆಳಗೆಲ್ಲೋ ಸೇರುತ್ತವೆ. ಜೊತೆಗೇ ಹರ್ನಿಯಾ ಹೊಲಿಯುತ್ತಾರೆ. ಹೀಗಾಗಿ ನನ್ನ ರಿವಿಷನ್ ಸರ್ಜರಿಯ ಮೊದಲ ಉದ್ದೇಶ ತೂಕವಲ್ಲ, ಎದೆಯುರಿ.

ಇಂಜೆಕ್ಷನ್ ಬಗ್ಗೆಯೂ ಕೇಳಿದೆ. ಮೌಂಜಾರೊ 2025ರ ಮಾರ್ಚಿನಲ್ಲಿ ನಮ್ಮ ದೇಶಕ್ಕೆ ಬಂದಾಗಿನಿಂದ ಗೆಳತಿಯರ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಅದೇ ಮಾತು. ಬಿಡುಗಡೆಯಾದಾಗ ಅತಿ ಕಡಿಮೆ ಡೋಸಿನ ಒಂದು ವಯಲ್‌ಗೆ 3,500 ರೂಪಾಯಿ. ವಾರಕ್ಕೊಂದು ಎಂದರೆ ತಿಂಗಳಿಗೆ 14 ಸಾವಿರ. ಆಡಿಟರ್ ಆಫೀಸಿನಲ್ಲಿ ನನ್ನ ಸಂಬಳ ಇದ್ದದ್ದು 16 ಸಾವಿರ. ದುಡ್ಡಿನ ಮಾತು ಬಿಟ್ಟರೂ, ಈ ಔಷಧಗಳು ಹೊಟ್ಟೆ ಖಾಲಿಯಾಗುವುದನ್ನು ನಿಧಾನ ಮಾಡುತ್ತವೆ, ಜಾರಿದ ಜಠರವನ್ನು ಸ್ವಸ್ಥಾನಕ್ಕೆ ತರುವುದಂತೂ ಇಲ್ಲ. ‘ಬೇರೆಯವರಿಗೆ ಒಳ್ಳೇದೇ, ನಿನ್ನ ಸಮಸ್ಯೆಗೆ ಇದಲ್ಲ’ ಎಂದರು ಡಾಕ್ಟರ್.

ಎರಡನೇ ಆಪರೇಷನ್ ಮೊದಲನೆಯದರಷ್ಟು ಸಲೀಸಲ್ಲ ಎಂಬುದನ್ನೂ ಅವರು ಮುಚ್ಚಿಡಲಿಲ್ಲ. ಒಳಗೆ ಹಳೆಯ ಗಾಯ ಅಂಟಿಕೊಂಡಿರುತ್ತದೆ, ಸೋರಿಕೆ ಮತ್ತು ರಕ್ತಸ್ರಾವದ ಅಪಾಯ ಮೊದಲಿಗಿಂತ ಹೆಚ್ಚು. ಇಳಿಯುವ ತೂಕ ಸಾಮಾನ್ಯವಾಗಿ ಮೊದಲ ಸಲಕ್ಕಿಂತ ಕಡಿಮೆ. ಬಿ12, ಕಬ್ಬಿಣ, ಕ್ಯಾಲ್ಸಿಯಂ, ವಿಟಮಿನ್ ಡಿ ಜೀವನಪರ್ಯಂತ. ತಲೆನೋವಿಗೆ ಮೆಡಿಕಲ್ ಶಾಪಿನಲ್ಲಿ ಸಿಗುವ ಐಬುಪ್ರೊಫೆನ್, ಡೈಕ್ಲೊಫೆನಾಕ್ ತರಹದ ಮಾತ್ರೆ ನುಂಗುವಂತಿಲ್ಲ, ಜೋಡಿಸಿದ ಜಾಗದಲ್ಲಿ ಹುಣ್ಣಾಗುತ್ತದೆ. ಸಿಹಿ ಜಾಸ್ತಿ ತಿಂದರೆ ಬೆವರು, ಎದೆ ಢವಢವ, ತಲೆಸುತ್ತು. ಆಪರೇಷನ್ ಆದ ಒಂದೂವರೆ ವರ್ಷ ಗರ್ಭಧಾರಣೆ ಬೇಡ. ಈ ಕೊನೆಯ ಮಾತು ಕೇಳಿ ಅಮ್ಮ ಹೊರಗೆ ಬಂದವರೇ, ‘ನೋಡ್ಲಿಕ್ಕೆ ಬರೋರಿಗೆ ಇದನ್ನ ಹೆಂಗೆ ಹೇಳೋದು?’ ಅಂದರು. ಬರುವವರು ಮೊದಲು ಬರಲಿ, ಆಮೇಲೆ ನೋಡೋಣ ಅಂದೆ. ನಗಲಿಲ್ಲ ಅವರು.

ವಿಮೆಯ ವಿಷಯ ಇನ್ನೂ ತೀರಿಲ್ಲ. ಐಆರ್‌ಡಿಎಐ ರೂಪಿಸಿದ ಷರತ್ತಿನ ಪ್ರಕಾರ ಬೊಜ್ಜಿನ ಆಪರೇಷನ್ನಿಗೆ ಹಣ ಸಿಗಬೇಕಾದರೆ ಬಿಎಂಐ 40 ದಾಟಿರಬೇಕು. ಇಲ್ಲವೇ 35 ದಾಟಿದ್ದು ಜೊತೆಗೆ ಹೃದ್ರೋಗ, ನಿದ್ರೆಯಲ್ಲಿ ಉಸಿರು ಕಟ್ಟುವ ತೀವ್ರ ತೊಂದರೆ, ಹಿಡಿತಕ್ಕೆ ಬಾರದ ಸಕ್ಕರೆ ಕಾಯಿಲೆಯಂಥದ್ದು ಇರಬೇಕು. ನನ್ನದು 35.5, ಸಕ್ಕರೆ ಕಾಯಿಲೆ ಇಲ್ಲ. ಇಲ್ಲದ್ದಕ್ಕೆ ಬೇಜಾರು ಮಾಡಿಕೊಳ್ಳಬೇಕಾದ ಸ್ಥಿತಿ ನೋಡಿ! ನನ್ನ ಹೆಸರಲ್ಲಿ ಪಾಲಿಸಿ ಮಾಡಿಸುವಾಗಲೇ ಹಳೆಯ ಆಪರೇಷನ್ ಬಗ್ಗೆ ಬರೆದಿದ್ದೆ, ಕಾಯುವ ಅವಧಿಯೂ ಮುಗಿದಿದೆ. ಈಗಿನ ಚಿಕಿತ್ಸೆ ಹರ್ನಿಯಾಕ್ಕೆ ಮತ್ತು ಅನ್ನನಾಳದ ಹುಣ್ಣಿಗೆ ಎಂದು ಎಂಡೋಸ್ಕೋಪಿ, ಬೇರಿಯಂ, ಬಯಾಪ್ಸಿ ಎಲ್ಲ ವರದಿ ಲಗತ್ತಿಸಿ ಡಾಕ್ಟರ್ ಪತ್ರ ಕೊಟ್ಟಿದ್ದಾರೆ. ಕಂಪನಿಯವರು ಎರಡು ಸಲ ಪ್ರಶ್ನೆ ಕಳಿಸಿದ್ದಾರೆ, ಎರಡು ಸಲ ಉತ್ತರಿಸಿದ್ದೇನೆ. ಲೆಡ್ಜರ್ ಬರೆದ ಕೈ, ವೋಚರ್ ನಂಬರ್ ಹಾಕಿಯೇ ಕಳಿಸಿದ್ದು.

ಇದರ ನಡುವೆ ಕೆಲಸದ ಹುಡುಕಾಟ. ಜುಲೈನಲ್ಲಿ ಒಂದು ಖಾಸಗಿ ಹಣಕಾಸು ಸಂಸ್ಥೆಯ ಇಂಟರ್‌ವ್ಯೂಗೆ ಹೋಗಿದ್ದೆ. ರೆಸ್ಯೂಮಿನಲ್ಲಿದ್ದದ್ದು ಎಂ.ಕಾಂ. ಸಮಯದ ಫೋಟೊ. ಮೂವರಲ್ಲಿ ಒಬ್ಬರು ‘ಇದು ನೀವೇನಾ?’ ಎಂದರು. ಹೌದು ಎಂದೆ. ‘ಹೆಲ್ತ್ ಇಶ್ಯೂ ಏನಾದ್ರೂ...?’ ಚಿಕಿತ್ಸೆ ನಡೆಯುತ್ತಿದೆ, ಲೆಡ್ಜರ್ ಬ್ಯಾಲೆನ್ಸ್ ಮಾಡಲು ಅದರಿಂದ ತೊಂದರೆಯಿಲ್ಲ ಎಂದೆ. ಟ್ಯಾಲಿ ಬಗ್ಗೆ ಒಂದೂ ಪ್ರಶ್ನೆ ಕೇಳದೆ ಕಳಿಸಿದರು. ಆ ಸಂಜೆ ಬಸ್ ಸ್ಟ್ಯಾಂಡ್ ಹತ್ತಿರದ ಸ್ಟುಡಿಯೊದಲ್ಲಿ ಹೊಸ ಫೋಟೊ ತೆಗೆಸಿದೆ. ಬ್ಯಾಂಕ್ ಪರೀಕ್ಷೆಯ ಅರ್ಜಿಗೂ ಅದನ್ನೇ ಹಾಕಿದ್ದೇನೆ.

ಈಗ ಬೆಳಿಗ್ಗೆ ಐದಕ್ಕೆ ಎದ್ದು ರೀಸನಿಂಗ್ ಮಾಡುತ್ತೇನೆ, ಸಂಜೆ ನಲವತ್ತು ನಿಮಿಷ ನಡೆಯುತ್ತೇನೆ. ಡಯಟಿಷಿಯನ್ ಹೇಳಿದ ಹಾಗೆ ತಿಂದದ್ದು, ಎದೆ ಉರಿದ ಹೊತ್ತು ಎರಡನ್ನೂ ಒಂದೇ ಪುಸ್ತಕದಲ್ಲಿ ಬರೆಯುತ್ತೇನೆ. ಕಬ್ಬಿಣದ ಅಂಶ ಕಡಿಮೆ ಇದ್ದದ್ದಕ್ಕೆ ಮೂರು ಡ್ರಿಪ್ ಹಾಕಿಸಿಕೊಂಡಾಯಿತು. ಪರೀಕ್ಷೆ ಮುಗಿದ ಮುಂದಿನ ವಾರ, ಮಂಗಳವಾರ ಅಡ್ಮಿಟ್ ಆಗಿ ಎಂದಿದ್ದಾರೆ. ಮಂಗಳವಾರ ಬೇಡ ಎಂದು ಅಮ್ಮ ಹಟ ಹಿಡಿದಿದ್ದಾರೆ. ಬುಧವಾರ ಆಗುತ್ತದೆಯೇ ಎಂದು ಡಾಕ್ಟರಿಗೆ ಮೆಸೇಜ್ ಹಾಕಿದ್ದೇವೆ, ಇನ್ನೂ ಉತ್ತರ ಬಂದಿಲ್ಲ.